ಪ್ರತಿಕ್ರಿಯೆ: ಮದುವೆಗೆ ಹಾಕಿಕೊಂಡು ಹೋಗುವ ಒಡವೆ, ವಾಚಿಗೆ ಮನೆ ವಿಮೆ ಸಾಕಾ?

1.8 ಲಕ್ಷದ ವಾಚು, ಅಜ್ಜಿಯ ಸರ ಹಾಕಿಕೊಂಡು ಮದುವೆಗೆ ಹೋಗಬೇಕು, ಮನೆ ವಿಮೆ ಸಾಕಾ ಅಂತ ಕೇಳಿದ್ದೀರಿ. ಸಾಲದು. ನಿಮ್ಮದು ‘ಭಾರತ್ ಗೃಹ ರಕ್ಷಾ’ ಅಂದಿರಲ್ಲ, ತೊಡಕು ಬಹುಶಃ ಅಲ್ಲೇ ಇದೆ. ಅದು ಬೆಂಕಿ, ಪ್ರವಾಹದಂಥ ಅನಾಹುತಕ್ಕೆ ಮಾಡಿದ ಪಾಲಿಸಿ. ಅಂಥ ಅನಾಹುತದಿಂದಾಗಿ 7 ದಿನದೊಳಗೆ ಕಳ್ಳತನವಾದರೆ ಮಾತ್ರ ದುಡ್ಡು ಬರುತ್ತದೆ. ಸುಮ್ನೆ ಬೀಗ ಒಡೆದು ಕದ್ದರೆ ಇಲ್ಲ. ಏಜೆಂಟರು ಇದನ್ನು ಹೇಳುವುದೇ ಕಡಿಮೆ.

ಮೊದಲು ಪಾಲಿಸಿಯ ಶೆಡ್ಯೂಲ್ (ಯಾವುದಕ್ಕೆ ಎಷ್ಟು ವಿಮೆ ಅಂತ ಬರೆದ ಪಟ್ಟಿ) ತೆಗೆದು ಒಡವೆ, ವಾಚು ಹೆಸರು ಹಾಕಿ ನಮೂದಾಗಿವೆಯಾ ನೋಡಿ. ಇಲ್ಲದಿದ್ದರೆ ಬೆಲೆಬಾಳುವ ವಸ್ತುಗಳ ಐಚ್ಛಿಕ ಕವರ್ ನೀವು ತೆಗೆದುಕೊಂಡಿಲ್ಲ ಎಂದರ್ಥ. ಅದನ್ನು ಸೇರಿಸಿದರೂ ಮನೆಗಳ್ಳತನಕ್ಕೆ ಬರ್ಗ್ಲರಿ ಕವರ್ ಬೇರೆ ಬೇಕು. ಮದುವೆಗೆ, ಪ್ರಯಾಣಕ್ಕೆ ಬೇಕಾದದ್ದು ಒಡವೆಯ ‘ಆಲ್ ರಿಸ್ಕ್’ ಕವರ್, ಅಂದರೆ ಮನೆಯ ಹೊರಗೂ ರಕ್ಷಣೆ ಕೊಡುವ ವಿಮೆ. ಅದು ಭಾರತದೊಳಗೆ ಮಾತ್ರವೋ, ವಿದೇಶಕ್ಕೂ ಉಂಟೋ ಅನ್ನುವುದು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಬಸ್ಸಲ್ಲಿ ಕಳೆದುಹೋದರೆ? ನಿಲ್ಲಿಸಿದ ಕಾರಿನಿಂದ ಕದ್ದರೆ? ಎರಡನ್ನೂ ಇಮೇಲಲ್ಲೇ ಕೇಳಿ, ಉತ್ತರ ಇಟ್ಟುಕೊಳ್ಳಿ. ಫೋನಲ್ಲಿ ಹೇಳಿದ್ದು ಕ್ಲೇಮಿಗೆ ಬರಲ್ಲ.

ಗೃಹ ರಕ್ಷಾದ ಆ ಐಚ್ಛಿಕ ಕವರಿಗೆ ಒಂದೊಂದು ವಸ್ತು 1 ಲಕ್ಷದೊಳಗೆ, ಒಟ್ಟು 5 ಲಕ್ಷದೊಳಗೆ ಇದ್ದರೆ ಮೌಲ್ಯಮಾಪನದ ಪತ್ರ (ಪರಿಣತರು ಬೆಲೆ ಕಟ್ಟಿ ಕೊಡುವ ಪತ್ರ) ಬೇಡ. ನಿಮ್ಮ ವಾಚು 1.8 ಲಕ್ಷದ್ದು, ಹಾಗಾಗಿ ಪತ್ರ ಬೇಕೇ ಬೇಕು. ಬಿಲ್ಲು, ಸೀರಿಯಲ್ ನಂಬರ್, ಫೋಟೋ ಜೊತೆಗಿಡಿ. ಅಜ್ಜಿಯ ಸರಕ್ಕೆ ಬಿಲ್ಲು ಇರಲ್ಲ ಅಲ್ವಾ, ಅದರ ತೂಕ, ಕ್ಯಾರೆಟ್ ಬರೆಸಿಕೊಳ್ಳಿ.

ಲಾಕರಲ್ಲಿಟ್ಟರೆ ಸಾಕಾ ಅಂತಲೂ ಕೇಳಿದ್ದೀರಿ. ಬ್ಯಾಂಕಲ್ಲಿ ಬೆಂಕಿ, ಕಳ್ಳತನವಾದರೆ ಅವರ ಹೊಣೆ ವರ್ಷದ ಬಾಡಿಗೆಯ 100 ಪಟ್ಟು ಮಾತ್ರ. ಬಾಡಿಗೆ 3,000 ಇದ್ದರೆ ಜಾಸ್ತಿ ಅಂದರೆ 3 ಲಕ್ಷ. ಒಡವೆ ಅದಕ್ಕಿಂತ ಹೆಚ್ಚಿನದ್ದಾದರೆ, ಲಾಕರಿನಲ್ಲಿದ್ದಾಗಲೂ ಆಲ್ ರಿಸ್ಕ್ ಅನ್ವಯಿಸುತ್ತದೆಯೇ ಅಂತ ಅದೇ ಇಮೇಲಲ್ಲಿ ಕೇಳಿಬಿಡಿ.