ತಾತನ ಅಂಬಾಸಿಡರನ್ನು ಆಟದೊಳಗೆ ತರಲು ಯಾರ ಒಪ್ಪಿಗೆ ಬೇಕು?

ಮಂಡ್ಯದ ಮನೆಯಂಗಳದಲ್ಲಿ ನಿಂತಿರುವ ತಾತನ ಅಂಬಾಸಿಡರ್ ಕಾರನ್ನು ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ ಎಂಬ ಮೊಬೈಲ್ ಆಟಕ್ಕೆ ಮಾಡ್ ಆಗಿ, ಅಂದರೆ ಆಟಗಾರರೇ ಮಾಡಿ ಆಟಕ್ಕೆ ಸೇರಿಸಿಕೊಳ್ಳುವ ಮಾದರಿಯಾಗಿ, ತಯಾರಿಸಲು ಕಂಪನಿಯ ಒಪ್ಪಿಗೆ ಬೇಕೇ, ಬೇಕಾದರೆ ಯಾರನ್ನು ಕೇಳಬೇಕು, ಕಾರಿನ ಮೇಲಿನ ಹೆಸರು-ಲಾಂಛನದ ಬ್ಯಾಡ್ಜ್ ತೆಗೆದುಹಾಕಿದರೆ ಆ ತಾಪತ್ರಯ ತಪ್ಪುತ್ತದೆಯೇ ಎಂದು ಕೇಳಿದ್ದೀರಿ. ನಾನು ವಕೀಲನಲ್ಲ. ಮೈಸೂರಿನ ವಿಜಯನಗರದಲ್ಲಿ ಕುಳಿತು ಕಟ್ಟಡಗಳ ತ್ರೀಡಿ ಚಿತ್ರ ಮಾಡಿಕೊಡುವುದು ನನ್ನ ಹೊಟ್ಟೆಪಾಡು, ರಾತ್ರಿ ಹೊತ್ತು ಬ್ಲೆಂಡರ್ ಎಂಬ ತ್ರೀಡಿ ಸಾಫ್ಟ್‌ವೇರಿನಲ್ಲಿ ಕಾರು ಕಟ್ಟುವುದು ಹವ್ಯಾಸ. ಹೀಗೆ ಒಪ್ಪಿಗೆ ಕೇಳಿ ಮೂರು ಪತ್ರ ಬರೆದ ಅನುಭವ ನನಗಿರುವುದರಿಂದ ಉತ್ತರಿಸುತ್ತಿದ್ದೇನೆ.

ಮೊದಲು ತಿಳಿಯಬೇಕಾದದ್ದು, ಒಂದು ಕಾರಿನಲ್ಲಿ ಬೇರೆ ಬೇರೆ ಹಕ್ಕುಗಳು ಸೇರಿಕೊಂಡಿರುತ್ತವೆ ಎಂಬುದು. ಹೆಸರು ಮತ್ತು ಲೋಗೋ 1999ರ ಟ್ರೇಡ್‌ಮಾರ್ಕ್ ಕಾಯ್ದೆಯಡಿ ಬರುತ್ತವೆ. ಆ ನೋಂದಣಿಯನ್ನು ಹತ್ತು ವರ್ಷಕ್ಕೊಮ್ಮೆ ನವೀಕರಿಸುತ್ತ ಹೋದರೆ ಅದಕ್ಕೆ ಕೊನೆಯೆಂಬುದಿಲ್ಲ. ಹೊರಮೈಯ ಆಕಾರವನ್ನು 2000ದ ವಿನ್ಯಾಸ ಕಾಯ್ದೆಯಡಿ ನೋಂದಾಯಿಸಿದ್ದರೆ ಮೊದಲ ಹತ್ತು ವರ್ಷ, ಮೇಲೆ ಐದು ವರ್ಷ, ಅಲ್ಲಿಗೆ ಅದರ ಅವಧಿ ಮುಗಿಯಿತು. ಐವತ್ತರ ದಶಕದಲ್ಲಿ ಮಾರಿಸ್ ಆಕ್ಸ್‌ಫರ್ಡ್ ಕಾರಿನಿಂದ ಹುಟ್ಟಿದ ಅಂಬಾಸಿಡರಿನ ಮಟ್ಟಿಗೆ ಈ ಎರಡನೆಯದು ನಿಮಗೆ ತಲೆನೋವಲ್ಲ. ತಲೆನೋವು ಹೆಸರಿನದು, ಏಕೆಂದರೆ ಕಾರು ನಿಂತಿತು, ಹೆಸರು ಮಾರಾಟವಾಯಿತು. ಉತ್ತರಪಾರಾದ ಕಾರ್ಖಾನೆಯಲ್ಲಿ 2014ರಲ್ಲಿ ತಯಾರಿಕೆ ನಿಂತ ಮೇಲೆ ಹಿಂದೂಸ್ತಾನ್ ಮೋಟರ್ಸ್ 2017ರ ಫೆಬ್ರವರಿಯಲ್ಲಿ ಅಂಬಾಸಿಡರ್ ಬ್ರ್ಯಾಂಡನ್ನು 80 ಕೋಟಿ ರೂಪಾಯಿಗೆ ಫ್ರಾನ್ಸಿನ ಪೂಜೋ ಕಂಪನಿಗೆ ಕೊಟ್ಟಿತು. ಆ ಪೂಜೋ 2021ರಲ್ಲಿ ಸ್ಟೆಲ್ಯಾಂಟಿಸ್ ಎಂಬ ದೊಡ್ಡ ಸಮೂಹದೊಳಗೆ ಸೇರಿತು. ಆದ್ದರಿಂದ ಹಿಂದೂಸ್ತಾನ್ ಮೋಟರ್ಸಿಗೆ ಪತ್ರ ಬರೆಯುವುದೆಂದರೆ ಮನೆ ಮಾರಿ ಹೋದವರ ಹಳೆಯ ವಿಳಾಸಕ್ಕೆ ಲಗ್ನಪತ್ರಿಕೆ ಕಳಿಸಿದಂತೆ. ಟ್ರೇಡ್‌ಮಾರ್ಕ್ ನೋಂದಣಿ ಇಲಾಖೆಯ ಜಾಲತಾಣದಲ್ಲಿ ಹೆಸರು ಹುಡುಕುವ ಸೌಲಭ್ಯ ಉಚಿತವಾಗಿದೆ. ಪತ್ರ ಬರೆಯುವ ದಿನ ಅಲ್ಲಿ ಮಾಲೀಕರೆಂದು ಯಾರ ಹೆಸರಿದೆಯೋ ಅವರನ್ನೇ ಕೇಳಿ.

ಮುಚ್ಚಿದ ಕಂಪನಿಯ ಹೆಸರು ಊರ ಬಾವಿಯಂತೆ ಎಲ್ಲರದೂ ಆಗುತ್ತದೆ ಎಂದು ನನ್ನ ಗೆಳೆಯನೊಬ್ಬ ನಂಬಿದ್ದ. ಅವನಿಗೆ ನಾನು ನಮ್ಮೂರಿನ ಉದಾಹರಣೆಯನ್ನೇ ಕೊಟ್ಟೆ. ಯೆಜ್ಡಿ ಬೈಕು ತಯಾರಿಸುತ್ತಿದ್ದ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಕಾಲು ಶತಮಾನ ಕಳೆದು 2022ರಲ್ಲಿ ಬೇರೊಂದು ಕಂಪನಿಯಿಂದ ಯೆಜ್ಡಿ ಬೈಕು ಮತ್ತೆ ಮಾರುಕಟ್ಟೆಗೆ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠವು ಆ ಹೆಸರು ಮುಚ್ಚಿಹೋದ ಕಂಪನಿಗೇ ಸೇರಿದ್ದೆಂದು ತೀರ್ಪು ಕೊಟ್ಟಿತು, ವ್ಯಾಜ್ಯ ಮೇಲ್ಮನವಿಗೂ ಹೋಯಿತು. ಬೀಗ ಬಿದ್ದ ಕಾರ್ಖಾನೆಯ ಹೆಸರಿಗಾಗಿಯೂ ಇಷ್ಟು ಕಾಲ ಜಗಳ ನಡೆಯಬಹುದು.

ಇನ್ನು ನನ್ನ ಪತ್ರಗಳ ಕಥೆ. ಇವತ್ತಿಗೂ ರಸ್ತೆಯ ಮೇಲಿರುವ ಒಂದು ಸಣ್ಣ ಕಾರಿನ ಮಾದರಿ ಮಾಡಿ, ಅದರ ಕಂಪನಿಯ ಗ್ರಾಹಕ ಸೇವೆಯ ವಿಳಾಸಕ್ಕೆ ಎರಡು ಪುಟದ ಇಮೇಲ್ ಕಳಿಸಿದೆ. ಮೂರನೆಯ ದಿನ ಮೈಸೂರಿನ ಶೋರೂಮಿನಿಂದ ಫೋನು ಬಂತು: “ಸರ್, ನೀವು ವಿಚಾರಿಸಿದ ಮಾಡೆಲ್ ಸ್ಟಾಕ್ ಇದೆ, ಟೆಸ್ಟ್ ಡ್ರೈವ್ ಯಾವಾಗ ಇಟ್ಟುಕೊಳ್ಳೋಣ?” ನಾನು ಮಾಡ್ ಎಂದು ಬರೆದದ್ದನ್ನು ಯಾರೋ ಮಾಡೆಲ್ ಎಂದು ಓದಿಕೊಂಡಿದ್ದರು. ಆ ಹುಡುಗನಿಗೆ ವಿಷಯ ವಿವರಿಸಲು ಹತ್ತು ನಿಮಿಷ ಹಿಡಿಯಿತು, ಮುಂದಿನ ತಿಂಗಳೂ ಅವನು ಫೋನು ಮಾಡಿ, “ಮನೆಯಲ್ಲಿ ಮಾತಾಡಿದ್ರಾ ಸರ್?” ಎಂದು ಕೇಳಿದ. ಎರಡನೆಯ ಪತ್ರಕ್ಕೆ ಉತ್ತರವೇ ಬರಲಿಲ್ಲ. ಮೌನಂ ಸಮ್ಮತಿ ಲಕ್ಷಣಂ ಎಂಬುದು ಹೆಣ್ಣು ನೋಡುವ ಶಾಸ್ತ್ರಕ್ಕೆ ಒಪ್ಪೀತು, ಟ್ರೇಡ್‌ಮಾರ್ಕಿಗೆ ಒಪ್ಪುವುದಿಲ್ಲ.

ಮೂರನೆಯದನ್ನು ಬೇರೆ ರೀತಿಯಲ್ಲಿ ಬರೆದೆ. ಷೇರುಪೇಟೆಯಲ್ಲಿರುವ ಕಂಪನಿಗಳ ವಾರ್ಷಿಕ ವರದಿಯಲ್ಲಿ ಕಂಪನಿ ಕಾರ್ಯದರ್ಶಿಯ ವಿಳಾಸ ಇರುತ್ತದೆ. ಅದು ಷೇರುದಾರರಿಗಾಗಿ ಇಟ್ಟಿರುವುದಾದರೂ, ಅಲ್ಲಿಗೆ ಹೋದ ಪತ್ರ ಕಾನೂನು ವಿಭಾಗದ ಮೇಜಿಗೆ ತಲುಪುವ ಸಂಭವ ಗ್ರಾಹಕ ಸೇವೆಗಿಂತ ಹೆಚ್ಚು. ಒಂದೇ ಪುಟ ಬರೆದೆ. ಯಾವ ವರ್ಷದ ಯಾವ ಕಾರು, ಯಾವ ಆಟ, ಹಂಚುವುದು ಉಚಿತವಾಗಿ, ಜಾಹೀರಾತಾಗಲಿ ದೇಣಿಗೆಯಾಗಲಿ ಇಲ್ಲ, ಇದು ಕಂಪನಿಯ ಅಧಿಕೃತ ಕೆಲಸವಲ್ಲ ಎಂದು ಎದ್ದು ಕಾಣುವಂತೆ ಹಾಕುತ್ತೇನೆ, ನೀವು ಬೇಡವೆಂದರೆ ಏಳು ದಿನದೊಳಗೆ ತೆಗೆಯುತ್ತೇನೆ. ಜೊತೆಗೆ ನಾಲ್ಕು ಚಿತ್ರಗಳನ್ನು ಇಟ್ಟೆ, ಫೈಲನ್ನು ಕಳಿಸಲಿಲ್ಲ. ಆರು ವಾರಕ್ಕೆ ಎರಡು ಸಾಲಿನ ಉತ್ತರ ಬಂತು: ವ್ಯಕ್ತಿಗಳಿಗೆ ಹೆಸರು ಮತ್ತು ಲೋಗೋ ಬಳಸಲು ಒಪ್ಪಿಗೆ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ನಿರಾಸೆಯಾಯಿತು, ಆದರೆ ಅದೂ ಒಂದು ಉತ್ತರವೇ. ಅದರ ಮೇಲೆ ನಾನು ತೀರ್ಮಾನಕ್ಕೆ ಬರಬಹುದಾಗಿತ್ತು.

ಕಂಪನಿಗಳು ಹೀಗೇಕೆ ಬಿಗಿ ಎಂಬುದಕ್ಕೆ ದುರಹಂಕಾರವೊಂದೇ ಕಾರಣವಲ್ಲ. ಒಬ್ಬರಿಗೆ ಏಕಮಾತ್ರ ಹಕ್ಕು ಮಾರಿದ್ದರೆ ಇನ್ನೊಬ್ಬರಿಗೆ ಹೂಂ ಎನ್ನಲು ಅವರಿಗೇ ಅಧಿಕಾರ ಇರುವುದಿಲ್ಲ. ಪೋರ್ಷೆ ಕಂಪನಿ ಎಲೆಕ್ಟ್ರಾನಿಕ್ ಆರ್ಟ್ಸ್ ಎಂಬ ಆಟ ತಯಾರಿಸುವ ಕಂಪನಿಯ ಜೊತೆ ಮಾಡಿಕೊಂಡಿದ್ದ ಅಂಥ ಒಪ್ಪಂದ 2016ರ ಕೊನೆಯವರೆಗೂ ನಡೆಯಿತು. ಆ ವರ್ಷಗಳಲ್ಲಿ ಗ್ರಾನ್ ಟುರಿಸ್ಮೊದಂಥ ಆಟ ಕೂಡ ಪೋರ್ಷೆಯ ಬದಲು, ಅದೇ ಕಾರನ್ನು ಮಾರ್ಪಡಿಸುವ ರೂಫ್ ಎಂಬ ಸಣ್ಣ ಕಂಪನಿಯ ಕಾರುಗಳನ್ನು ಇಟ್ಟುಕೊಂಡಿತು. ಇದಲ್ಲದೆ ತಮ್ಮ ಕಾರು ಪರದೆಯ ಮೇಲೆ ನಜ್ಜುಗುಜ್ಜಾಗುವುದನ್ನು ಹಲವು ತಯಾರಕರು ಒಪ್ಪುವುದಿಲ್ಲ. ಪರವಾನಗಿ ಪಡೆದ ಆಟದಲ್ಲಿ ಅದಕ್ಕೆ ಮಿತಿ ಹಾಕಬಹುದು, ನಿಮ್ಮ ಮಾಡನ್ನು ಇಳಿಸಿಕೊಂಡವನು ಅದನ್ನು ಯಾವ ಹಳ್ಳಕ್ಕೆ ಬೀಳಿಸುತ್ತಾನೋ ಯಾರು ಕಂಡರು? ಅಮೆರಿಕದ ಸೇನೆಯ ಹಮ್ವೀ ವಾಹನ ತಯಾರಿಸುವ ಎಎಂ ಜನರಲ್ ಕಂಪನಿ ಕಾಲ್ ಆಫ್ ಡ್ಯೂಟಿ ಆಟದ ಮೇಲೆ ಹೂಡಿದ ದಾವೆಯಲ್ಲಿ 2020ರಲ್ಲಿ ಆಟದವರು ಗೆದ್ದರು ಎಂದು ಕೆಲವರು ಧೈರ್ಯ ಹೇಳುತ್ತಾರೆ. ಅದು ಅಮೆರಿಕದ ವಾಕ್ ಸ್ವಾತಂತ್ರ್ಯದ ಕಾನೂನಿನ ಮೇಲೆ ನ್ಯೂಯಾರ್ಕಿನ ನ್ಯಾಯಾಲಯ ಕೊಟ್ಟ ತೀರ್ಪು. ಮಂಡ್ಯದಲ್ಲಿ ಕುಳಿತು ಅದನ್ನು ನೆಚ್ಚಿಕೊಳ್ಳಬೇಡಿ.

ಬ್ಯಾಡ್ಜ್ ತೆಗೆದರೆ ಸಾಕೇ ಎಂದರೆ, ಅರ್ಧ ಸಾಕು. ಯೂರೋ ಟ್ರಕ್ ಸಿಮ್ಯುಲೇಟರ್ 2ರಲ್ಲಿ ಮರ್ಸಿಡಿಸ್ ಲಾರಿ ಮೊದಲ ಕೆಲವು ವರ್ಷ ಮೆಜೆಸ್ಟಿಕ್ ಎಂಬ ಹೆಸರಿನಲ್ಲಿ ಓಡಿತು, ನಮ್ಮವರಿಗೆ ಬೆಂಗಳೂರಿನ ಬಸ್‌ಸ್ಟ್ಯಾಂಡ್ ನೆನಪಾಗಿ ನಗು ಬರುತ್ತಿತ್ತು. ಬೀಮ್ ಎನ್‌ಜಿ ಆಟದವರು ಕಂಪನಿಗಳ ಹೆಸರನ್ನೇ ತಾವು ಕಟ್ಟಿಕೊಂಡಿದ್ದಾರೆ. ನಾನೂ ಆ ಎರಡು ಸಾಲಿನ ಉತ್ತರ ಬಂದ ಮೇಲೆ ಗ್ರಿಲ್ಲನ್ನು ಬದಲಿಸಿ, ಡಿಕ್ಕಿಯ ಮೇಲೆ ‘ಲೋಕಪಾವನಿ’ ಎಂದು ನಮ್ಮ ಕಡೆಯ ಹೊಳೆಯ ಹೆಸರು ಬರೆದು ಬಿಡುಗಡೆ ಮಾಡಿದೆ. ಇಷ್ಟು ಮಾಡಿ ಕೆಳಗೆ ವಿವರಣೆಯಲ್ಲಿ ‘ಇದು ನಿಜವಾಗಿ ಇಂಥ ಕಾರು’ ಎಂದು ಬರೆದರೆ ತೆಗೆದ ಹೆಸರನ್ನು ಹಿತ್ತಿಲ ಬಾಗಿಲಿನಿಂದ ಒಳಗೆ ಕರೆದಂತೆ. ಟೈರಿನ ಮೇಲಿನ ಹೆಸರು, ಗಾಜಿನ ಮೂಲೆಯ ಮುದ್ರೆ, ಸ್ಟೀರಿಂಗಿನ ನಡುವಿನ ಲಾಂಛನ, ಇವನ್ನು ಮರೆಯುವವರೇ ಹೆಚ್ಚು.

ದುಡ್ಡಿನ ವಿಷಯದಲ್ಲಿ ಮಾತ್ರ ನನ್ನದು ಖಡಾಖಂಡಿತ ಅಭಿಪ್ರಾಯ. ಜಾಹೀರಾತು ತೋರಿಸಿ ಡೌನ್‌ಲೋಡಿಗೆ ಕಳಿಸುವ ಲಿಂಕು ಹಾಕಿದರೂ ನಿಮ್ಮ ಮಾಡ್ ಉಚಿತವಲ್ಲ, ಆಗ ಪತ್ರದಲ್ಲಿ ಬರೆದ ಮಾತು ಸುಳ್ಳಾಗುತ್ತದೆ. ಆಟದವರ ಬಳಕೆದಾರ ಒಪ್ಪಂದವನ್ನೂ ಓದಿ. ಕಾರಿನವರು ಒಪ್ಪಿದರೂ ಅವರು ಒಪ್ಪದಿರಬಹುದು.

ಕಡೆಯದಾಗಿ, ಬೇರೆ ಆಟದಿಂದ ಕಿತ್ತ ಅಂಬಾಸಿಡರ್ ಮಾದರಿ ಸುಲಭವಾಗಿ ಸಿಗುತ್ತದೆ, ಅದನ್ನು ಮುಟ್ಟಬೇಡಿ. ಅದರ ಕೃತಿಸ್ವಾಮ್ಯ ಅದನ್ನು ಕಟ್ಟಿದವನದು, ಕಾರಿನ ಕಂಪನಿ ಹೂಂ ಎಂದರೂ ಆ ತಪ್ಪು ಮಾಫಿ ಆಗದು. ಅಂಗಳದಲ್ಲಿ ಕಾರೇ ನಿಂತಿರುವಾಗ ಟೇಪು ಹಿಡಿದು ನೀವೇ ಅಳೆಯಿರಿ. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ 2464 ಮಿಲಿಮೀಟರಿನ ಆಸುಪಾಸು ಬಂದರೆ ಟೇಪು ನೆಟ್ಟಗಿದೆ ಎಂದರ್ಥ. ಹಿಂಬದಿಯ ಎತ್ತರವನ್ನು ಮಾತ್ರ ನಂಬಬೇಡಿ, ಅಷ್ಟು ವರ್ಷ ಜನ ಹೊತ್ತ ಸ್ಪ್ರಿಂಗ್ ಪಟ್ಟಿಗಳು ಕುಗ್ಗಿರುತ್ತವೆ. ಪ್ರತಿ ಅಳತೆಗೂ ಟೇಪು ಕಾಣುವಂತೆ ಒಂದೊಂದು ಫೋಟೋ ತೆಗೆದಿಡಿ. ಮಾದರಿ ನಿಮ್ಮದೇ ಕೈಕೆಲಸವೆಂದು ತೋರಿಸಲು ನಾಳೆ ಯಾರಾದರೂ ಕೇಳಿದಾಗ ಆ ಫೋಟೋಗಳೇ ಕೆಲಸಕ್ಕೆ ಬರುವುದು.