ಮೆಟ್ಟಿಲು ಇಳಿಯುವಾಗ ಮಂಡಿ ನೋವು: ಚಿಪ್ಪು ಸವೆದಿದೆಯಾ ಡಾಕ್ಟ್ರೇ?

ಪ್ರಶ್ನೆ: ನನಗೆ 27 ವರ್ಷ, ಕೂತು ಮಾಡುವ ಕೆಲಸ. ನಾಲ್ಕು ತಿಂಗಳ ಹಿಂದೆ ತೂಕ ಇಳಿಸೋಣ ಅಂತ ದಿನಾ ಬೆಳಿಗ್ಗೆ ಓಡಲು ಶುರು ಮಾಡಿದೆ. ಮೂರನೇ ವಾರಕ್ಕೆ ಬಲ ಮಂಡಿಯ ಮುಂಭಾಗ ನೋಯತೊಡಗಿತು. ಮೆಟ್ಟಿಲು ಇಳಿಯುವಾಗ, ಊರಿಗೆ ಬಸ್ಸಿನಲ್ಲಿ ಹೋಗುವಾಗ ಜಾಸ್ತಿ. ಕೂತು ಏಳುವಾಗ ಕಟಕಟ ಸದ್ದು ಬೇರೆ. ಎಕ್ಸ್‌ರೇ ಸರಿಯಿದೆ. ಎಂಆರ್‌ಐನಲ್ಲಿ ‘ಗ್ರೇಡ್ 1 ಕಾಂಡ್ರೊಮಲೇಷಿಯಾ’ ಅಂತ ಬಂದಿದೆ. ಮಂಡಿ ಸವೆದಿದೆ, ಮೆಟ್ಟಿಲು ಹತ್ತಲೇಬೇಡ ಅಂತಾರೆ ಅಮ್ಮ. ಏನು ಮಾಡಲಿ?

ಉತ್ತರ: ಮೊದಲು ಆ ಎಂಆರ್‌ಐ ರಿಪೋರ್ಟನ್ನು ಬೀರುವಿನಲ್ಲಿಡಿ. ಗ್ರೇಡ್ 1 ಅಂದರೆ ಚಿಪ್ಪಿನ ಹಿಂದಿನ ಮೃದು ಎಲುಬು ಸ್ವಲ್ಪ ಮೆತ್ತಗಾದಂತೆ ಕಂಡಿದೆ, ಅಷ್ಟೇ. ಒಂದಿನಿತೂ ನೋವಿಲ್ಲದವರ ಮಂಡಿಯಲ್ಲೂ ಇದು ಕಾಣುತ್ತದೆ. ನೋವಿಲ್ಲದೆ ಬರೀ ಸದ್ದು ಬಂದರೆ ಅದಕ್ಕೂ ಹೆದರಬೇಕಿಲ್ಲ.

ನಿಮ್ಮ ಪತ್ರದಲ್ಲೇ ಮುಕ್ಕಾಲು ಉತ್ತರವಿದೆ. ಇಳಿಯುವಾಗ ನೋವು, ಮಂಡಿ ಮಡಚಿ ತುಂಬಾ ಹೊತ್ತು ಕೂತರೆ ನೋವು. ಕುಕ್ಕರಗಾಲಲ್ಲಿ ಕೂತಾಗಲೂ ಚಿಪ್ಪಿನ ಸುತ್ತ ಅಥವಾ ಹಿಂದೆ ನೋಯುತ್ತದಾ? ಹಾಗಿದ್ದರೆ ಇದು ಬಹುಪಾಲು ಪೆಟೆಲ್ಲೊಫೆಮೋರಲ್ ನೋವು. ಮಂಡಿಚಿಪ್ಪು ತೊಡೆ ಎಲುಬಿನ ಮೇಲೆ ಜಾರುವ ಜಾಗಕ್ಕೆ, ಅದು ತಾಳುವುದಕ್ಕಿಂತ ಹೆಚ್ಚು ಭಾರ ಬಿದ್ದಿದೆ. ಸುಮ್ನೆ ಕೂತಿದ್ದ ಮಂಡಿಯನ್ನು ಒಂದೇ ಸಲ ದಿನಾ ಓಡಿಸಿದಿರಿ ಅಲ್ವಾ? ಇದನ್ನು ಪತ್ತೆ ಮಾಡಲು ಸ್ಕ್ಯಾನ್ ಬೇಕಿಲ್ಲ. ಕೇಳಿ, ಮುಟ್ಟಿ, ಕೂರಿಸಿ ಏಳಿಸಿ ನೋಡಿದರೆ ಸಾಕು. ನೋವು ಚಿಪ್ಪಿನ ಕೆಳತುದಿಯಲ್ಲಿ ಬೆರಳಿಟ್ಟು ತೋರಿಸುವಷ್ಟು ಜಾಗದಲ್ಲಿ ಮಾತ್ರ ಇದ್ದರೆ, ಅದು ಸ್ನಾಯುರಜ್ಜುವಿನದು, ಅಂದರೆ ಎಲುಬಿಗೆ ಅಂಟಿಕೊಂಡ ಹುರಿಯಂಥ ಭಾಗದ್ದು. ಜಿಗಿಯುವ ಆಟದವರಲ್ಲಿ ಹೆಚ್ಚು.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಕನ್ನಡಿ ಮುಂದೆ ಗಿಡ್ಡ ಮಣೆಯ ಮೇಲೆ ಬಲಗಾಲಲ್ಲಿ ನಿಂತು, ಎಡ ಹಿಮ್ಮಡಿಯನ್ನು ನಿಧಾನಕ್ಕೆ ನೆಲಕ್ಕೆ ತಾಗಿಸಿ. ಬಲ ಮಂಡಿ ಹೆಬ್ಬೆರಳಿನ ಕಡೆಗೆ ಒಳಕ್ಕೆ ವಾಲಿತಾ? ಹಲವರಲ್ಲಿ ವಾಲುತ್ತದೆ. ಪೃಷ್ಠದ ಪಕ್ಕದ ಸ್ನಾಯುಗಳಲ್ಲಿ ಬಲ ಸಾಲದೆ ಹೀಗಾಗಬಹುದು. ಮಂಡಿ ನೋವು ಅಂತ ಬಂದವರಿಗೆ ಪೃಷ್ಠದ ವ್ಯಾಯಾಮ ಹೇಳಿದರೆ ‘ನೋವಿರೋದು ಇಲ್ಲಲ್ವಾ’ ಅಂತ ಮುಖ ನೋಡುತ್ತಾರೆ. ಆದರೆ ತೊಡೆ, ಪೃಷ್ಠ ಎರಡನ್ನೂ ಬಲಪಡಿಸುವ ವ್ಯಾಯಾಮವೇ ಇದಕ್ಕೆ ಮುಖ್ಯ ಚಿಕಿತ್ಸೆ. 2018ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ತಜ್ಞರ ಶಿಫಾರಸು ಕೂಡ ಇದನ್ನೇ ಹೇಳುತ್ತದೆ. ಅಲ್ಟ್ರಾಸೌಂಡ್, ಲೇಸರ್ ಥರದ ಯಂತ್ರದ ಚಿಕಿತ್ಸೆಯನ್ನು ಅವರು ಶಿಫಾರಸು ಮಾಡಿಲ್ಲ. ಅದಕ್ಕೆ ದುಡ್ಡು ಸುರಿಯಬೇಡಿ.

ಪಕ್ಕಕ್ಕೆ ಮಲಗಿ ಮೇಲಿನ ಕಾಲು ಎತ್ತುವುದು, ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಎತ್ತುವುದು, ಮಂಡಿ ನೇರವಿಟ್ಟು ಕಾಲೆತ್ತುವುದು. ದಿನ ಬಿಟ್ಟು ದಿನ ಮಾಡಿ. ಹಗುರವಾದ ಮೇಲೆ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದನ್ನು ಸೇರಿಸಿ. ಹತ್ತಕ್ಕೆ ಮೂರರಷ್ಟು ನೋವು ಬಂದರೆ ಪರವಾಗಿಲ್ಲ, ಮರುದಿನ ಹೆಚ್ಚಾಗಿರಬಾರದು. ಆರರಿಂದ ಹನ್ನೆರಡು ವಾರ ಬೇಕು; ಹತ್ತು ದಿನಕ್ಕೇ ಬಿಟ್ಟು ‘ಫಿಸಿಯೋ ಫಲ ಕೊಡಲಿಲ್ಲ’ ಅನ್ನಬೇಡಿ. ಚಿಪ್ಪಿಗೆ ಟೇಪ್ ಸುತ್ತಿಸಿಕೊಂಡರೆ ಮೊದಲ ಕೆಲ ವಾರ ಆರಾಮ ಸಿಗಬಹುದು.

ಮಂಡಿ ಊದಿಕೊಂಡರೆ, ನಡೆಯುವಾಗ ಕೈಕೊಟ್ಟರೆ, ಮಡಚಿದ್ದು ಬಿಡಿಸಲಾಗದೆ ಸಿಕ್ಕಿಕೊಂಡರೆ, ರಾತ್ರಿ ನಿದ್ದೆಗೆಡಿಸಿದರೆ ಅಥವಾ ಜ್ವರ ಬಂದರೆ ಕಾಯದೆ ಡಾಕ್ಟರ ಹತ್ತಿರ ಹೋಗಿ.

ಇನ್ನು ಅಮ್ಮನ ಮಾತು. ಮೊದಲ ಎರಡು ವಾರ ಲಿಫ್ಟಿದ್ದರೆ ಇಳಿಯಲು ಬಳಸಿ, ಹತ್ತುವುದು ನೋವು ತಡೆಯುವಷ್ಟಿದ್ದರೆ ಹತ್ತಿ. ಪೂರ್ತಿ ಬಿಟ್ಟರೆ ತೊಡೆ ಇನ್ನೂ ಸೊರಗುತ್ತದೆ. ಮೆಟ್ಟಿಲು ಇಳಿಯುವುದು ಹಗುರವಾದ ಮೇಲೆ ಓಟ: ಒಂದು ನಿಮಿಷ ಓಡಿ, ಎರಡು ನಿಮಿಷ ನಡೆಯಿರಿ, ವಾರಕ್ಕೆ ಮೂರೇ ದಿನ.