ರಾಗಿ ಮುದ್ದೆ ಉಣ್ಣುವವರಿಗೂ ಮಧುಮೇಹ ಏಕೆ?

ಪ್ರಶ್ನೆ: ನನಗೆ 46 ವರ್ಷ, ಎತ್ತರ 165 ಸೆಂ.ಮೀ., ತೂಕ 64 ಕಿಲೋ. ಎರಡು ಹೊತ್ತೂ ರಾಗಿ ಮುದ್ದೆ ಉಣ್ಣುವ ಮನೆ ನಮ್ಮದು. ಆದರೂ ಖಾಲಿ ಹೊಟ್ಟೆಯ ಸಕ್ಕರೆ 114 ಬಂದಿದ್ದು, ಮಧುಮೇಹದ ಹೊಸ್ತಿಲಲ್ಲಿದ್ದೀರಿ ಎಂದು ವೈದ್ಯರು ಹೇಳಿದ್ದಾರೆ. ಅಮೆರಿಕದಲ್ಲಿರುವ ನನ್ನ ತಮ್ಮ, ಆಹಾರದ ಗುಣಮಟ್ಟಕ್ಕೆ ಅಂಕ ಕೊಡುವ ಅಲ್ಲಿನ ಪಟ್ಟಿಯೊಂದನ್ನು ಕಳುಹಿಸಿದ್ದಾನೆ. ಅದರಲ್ಲಿ ಆಲಿವ್ ಎಣ್ಣೆ, ಮೀನು, ಬಾದಾಮಿಗಳಿವೆ. ಮುದ್ದೆಯೂ ಇಲ್ಲ, ಸಾರೂ ಇಲ್ಲ. ಅದು ನಮಗೆ ಅನ್ವಯಿಸುತ್ತದೆಯೇ?
– ಓದುಗರು, ಚಿಂತಾಮಣಿ ತಾಲ್ಲೂಕು

ಉತ್ತರ: ಆ ಪಟ್ಟಿಯ ದಿಕ್ಕು ಸರಿಯಾಗಿದೆ, ಆದರೆ ಅದರ ಅಂಕಗಳನ್ನು ನೀವು ಹಾಗೆಯೇ ನಂಬಬೇಕಾಗಿಲ್ಲ. ಅಮೆರಿಕದ ಹವಾಯಿ ಮತ್ತು ಲಾಸ್ ಏಂಜಲೀಸ್ ಪ್ರದೇಶಗಳಲ್ಲಿ 1993ರಿಂದ 1996ರ ನಡುವೆ ಐದು ಜನಾಂಗೀಯ ಗುಂಪುಗಳ ಎರಡು ಲಕ್ಷಕ್ಕೂ ಹೆಚ್ಚು ಜನರನ್ನು ಸೇರಿಸಿಕೊಂಡು ಬಹುಜನಾಂಗೀಯ ಅಧ್ಯಯನವೊಂದು ಆರಂಭವಾಯಿತು. ಅದರ ಹವಾಯಿ ಭಾಗದ ಮಾಹಿತಿಯನ್ನು ಇಂತಹ ಅಂಕಪಟ್ಟಿಗಳೊಂದಿಗೆ ಹೋಲಿಸಿದಾಗ, ಹೆಚ್ಚು ಅಂಕ ಪಡೆದ ಬಿಳಿಯರಲ್ಲಿ ಮಧುಮೇಹದ ಅಪಾಯ ಕಡಿಮೆಯಿದ್ದುದು ಸ್ಪಷ್ಟವಾಗಿ ಕಂಡಿತು. ಜಪಾನಿ ಮೂಲದವರಲ್ಲಿ ಮತ್ತು ಹವಾಯಿಯ ಮೂಲನಿವಾಸಿಗಳಲ್ಲಿ ಆ ನಂಟು ಅಷ್ಟು ಗಟ್ಟಿಯಾಗಿರಲಿಲ್ಲ. ಇದರಿಂದ ಆಹಾರಕ್ಕೆ ಮಹತ್ವವಿಲ್ಲವೆಂದು ತಿಳಿಯಬಾರದು. ಒಂದು ಸಮುದಾಯದ ಊಟವನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ ಅಳತೆಗೋಲು ಇನ್ನೊಂದು ಸಮುದಾಯದ ತಟ್ಟೆಯನ್ನು ಸರಿಯಾಗಿ ಅಳೆಯಲಾರದು ಎಂಬುದು ನನ್ನ ಅಭಿಪ್ರಾಯ.

ನಮ್ಮ ದೇಹದ ಲೆಕ್ಕವೇ ಬೇರೆ. ನಿಮ್ಮ ಬಿ.ಎಂ.ಐ., ಅಂದರೆ ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ, ಸುಮಾರು 23.5. ಯುರೋಪಿನವರಿಗೆ 25ರವರೆಗೆ ಸಹಜವೆನ್ನುತ್ತಾರೆ, ಆದರೆ ಭಾರತೀಯರಿಗೆ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು ಎಂದು ನಮ್ಮ ತಜ್ಞರು ನಿಗದಿಪಡಿಸಿದ್ದಾರೆ. ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ಮೀರಬಾರದು. ಅಷ್ಟೇ ತೂಕದ ಯುರೋಪಿನವರಿಗಿಂತ ನಮ್ಮಲ್ಲಿ ಸ್ನಾಯು ಕಡಿಮೆ, ಹೊಟ್ಟೆಯೊಳಗಿನ ಕೊಬ್ಬು ಹೆಚ್ಚು. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ನಿಕ್ ಅವರ ಸಂಶೋಧನೆಗಳು, ಕಡಿಮೆ ತೂಕದಲ್ಲಿ ಹುಟ್ಟುವ ನಮ್ಮ ಶಿಶುಗಳಲ್ಲಿಯೂ ಈ ಲಕ್ಷಣವನ್ನು ಗುರುತಿಸಿವೆ. ಆದ್ದರಿಂದ ‘ನಾನು ದಪ್ಪವಿಲ್ಲ’ ಎಂಬ ಸಮಾಧಾನವನ್ನು ದಯವಿಟ್ಟು ಬಿಡಿ. ಇಂದೇ ಒಂದು ಟೇಪು ತೆಗೆದುಕೊಂಡು ಹೊಕ್ಕುಳ ಮಟ್ಟದಲ್ಲಿ ಸುತ್ತಳತೆ ನೋಡಿಕೊಳ್ಳಿ.

ಇನ್ನು ಮುದ್ದೆಯ ವಿಚಾರ. ರಾಗಿ ಒಳ್ಳೆಯ ಧಾನ್ಯವೆಂಬುದರಲ್ಲಿ ಎರಡು ಮಾತಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು, 360 ಮಿಲಿಗ್ರಾಂನಷ್ಟು ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ನಾರು ಮೂರು ಗ್ರಾಂ ಕೂಡ ಇಲ್ಲ. ಆದರೆ ಅದೇ ನೂರು ಗ್ರಾಂ ರಾಗಿಯಲ್ಲಿ 60 ಗ್ರಾಂಗೂ ಹೆಚ್ಚು ಪಿಷ್ಟವಿದೆ, ಪ್ರೋಟೀನು ಏಳು ಗ್ರಾಂ ಮಾತ್ರ. ಹಿಟ್ಟಾಗಿಸಿ ಬೇಯಿಸಿದ ಪಿಷ್ಟ ಬೇಗ ಜೀರ್ಣವಾಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಸಮೀಕ್ಷೆಯ ಆಹಾರ ಕುರಿತ ವರದಿ 2025ರಲ್ಲಿ ಪ್ರಕಟವಾಯಿತು. ಭಾರತೀಯರ ಶಕ್ತಿಯ ಸುಮಾರು 62 ಶೇಕಡಾ ಪಿಷ್ಟ ಮತ್ತು ಸಕ್ಕರೆಗಳಿಂದಲೇ ಬರುತ್ತಿದೆ ಎಂದು ಹೇಳಿದ ಆ ವರದಿ, ಒಟ್ಟು ಪ್ರಮಾಣವನ್ನು ಇಳಿಸದೆ ಅಕ್ಕಿಯ ಬದಲು ಗೋಧಿ ಅಥವಾ ಸಿರಿಧಾನ್ಯದ ಹಿಟ್ಟನ್ನು ತಿಂದ ಮಾತ್ರಕ್ಕೆ ಅಪಾಯ ಕಡಿಮೆಯಾಗುವಂತೆ ಕಾಣಲಿಲ್ಲವೆಂದೂ ತಿಳಿಸಿತು. ಅದೇ ಪಿಷ್ಟದ ಸಣ್ಣದೊಂದು ಪಾಲನ್ನು, ಅಂದರೆ ಒಟ್ಟು ಶಕ್ತಿಯ 5 ಶೇಕಡಾದಷ್ಟನ್ನು, ಕಾಳು ಅಥವಾ ಹಾಲಿನ ಪ್ರೋಟೀನಿಗೆ ಬದಲಿಸುವುದು ಕಡಿಮೆ ಅಪಾಯದೊಂದಿಗೆ ಹೊಂದಿಕೊಂಡಿತ್ತು.

ಹಾಗಾದರೆ ಆಲಿವ್ ಎಣ್ಣೆ ತರಿಸಬೇಕೇ? ಬೇಡ. ನಿಮ್ಮ ಸೀಮೆಯ ಬಸ್ಸಾರನ್ನೇ ನೋಡಿ: ಕಾಳು, ಸೊಪ್ಪು ಬೇಯಿಸಿ ಬಸಿದ ಕಟ್ಟು ಸಾರಾಗುತ್ತದೆ, ಉಳಿದದ್ದು ಪಲ್ಯವಾಗುತ್ತದೆ. ಹುರುಳಿಯಲ್ಲಿ ನೂರು ಗ್ರಾಂಗೆ 20 ಗ್ರಾಂಗೂ ಮಿಕ್ಕಿ ಪ್ರೋಟೀನಿದೆ. ಅವರೆಕಾಳು, ಅಲಸಂದೆಗಳೂ ಹಿಂದೆ ಬೀಳುವುದಿಲ್ಲ. ದಿನವಿಡೀ ಹೊಲದಲ್ಲಿ ದುಡಿದವರಿಗೆ ಹೊಂದುತ್ತಿದ್ದ ಮುದ್ದೆಯ ಗಾತ್ರವನ್ನು ಕುಳಿತು ಕೆಲಸ ಮಾಡುವವರೂ ಉಳಿಸಿಕೊಂಡು, ಪಲ್ಯವನ್ನು ಮಾತ್ರ ತಟ್ಟೆಯ ಅಂಚಿಗೆ ಸರಿಸಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ. ಮುದ್ದೆಯನ್ನು ಅರ್ಧಕ್ಕೆ ಇಳಿಸಿ, ಕಾಳು ಪಲ್ಯವನ್ನು ದುಪ್ಪಟ್ಟು ಬಡಿಸಿಕೊಳ್ಳಿ. ಮುದ್ದೆಯ ಮೇಲೆ ಮತ್ತೆ ಅನ್ನ ಬೇಡ. ಚೆನ್ನೈನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಮಧುಮೇಹ ತಡೆ ಪ್ರಯೋಗದಲ್ಲಿ, ನಿಮ್ಮಂತೆಯೇ ಹೊಸ್ತಿಲಲ್ಲಿದ್ದವರು ಊಟ ಮತ್ತು ನಡಿಗೆಯನ್ನು ತಿದ್ದಿಕೊಂಡಾಗ ಮೂರು ವರ್ಷಗಳಲ್ಲಿ ಅಪಾಯ 28.5 ಶೇಕಡಾ ತಗ್ಗಿತು, ಅದೂ ತೂಕದಲ್ಲಿ ಹೇಳಿಕೊಳ್ಳುವಂತಹ ಇಳಿಕೆಯಿಲ್ಲದೆ.

ಪ್ರಶ್ನೆ: ನಮ್ಮ ಮಾವನವರು ಮಧುಮೇಹಕ್ಕೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಬೆಳಿಗ್ಗೆ ತಟ್ಟೆ ಇಡ್ಲಿ, ಮಧ್ಯಾಹ್ನ ಅನ್ನ ಅವರಿಗೆ ಬೇಕೇ ಬೇಕು. ಚೀನಾದವರೂ ಅನ್ನವನ್ನೇ ತಿನ್ನುತ್ತಾರಲ್ಲ ಎಂದು ವಾದಿಸುತ್ತಾರೆ. ಏನು ಹೇಳಲಿ?
– ಓದುಗರು, ತುಮಕೂರು

ಉತ್ತರ: ಅವರ ವಾದದಲ್ಲಿ ಹುರುಳಿಲ್ಲದಿಲ್ಲ. 21 ದೇಶಗಳ 1,32,000ಕ್ಕೂ ಹೆಚ್ಚು ಜನರನ್ನು ಗಮನಿಸಿ 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ 450 ಗ್ರಾಂ ಅಥವಾ ಹೆಚ್ಚು ಅನ್ನ ಉಣ್ಣುವವರನ್ನು 150 ಗ್ರಾಂಗಿಂತ ಕಡಿಮೆ ಉಣ್ಣುವವರೊಂದಿಗೆ ಹೋಲಿಸಿದಾಗ, ಚೀನಾದಲ್ಲಿ ಮಧುಮೇಹದ ಅಪಾಯದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಆದರೆ ಅದೇ ಹೋಲಿಕೆಯಲ್ಲಿ ದಕ್ಷಿಣ ಏಷ್ಯಾದವರಲ್ಲಿ ಅಪಾಯ 61 ಶೇಕಡಾ ಹೆಚ್ಚಿತ್ತು. ಮಾವನವರಿಗೆ ಈ ಎರಡನೆಯ ಅಂಕಿಯನ್ನೂ ಗೌರವದಿಂದ ತಿಳಿಸಿ.

ತಟ್ಟೆ ಇಡ್ಲಿಯನ್ನು ಪೂರ್ತಿ ನಿಲ್ಲಿಸುವ ಅಗತ್ಯವಿಲ್ಲ. ಒಂದು ಸಾಕು, ಜೊತೆಗೆ ಬೇಳೆ ತರಕಾರಿ ಧಾರಾಳವಾಗಿರುವ ಸಾಂಬಾರು ಅಥವಾ ಮೊಳಕೆ ಹೆಸರುಕಾಳಿನ ಕೋಸಂಬರಿ ಇರಲಿ. ಮಧ್ಯಾಹ್ನ ಮೊದಲು ಪಲ್ಯ, ಹುಳಿಯೊಳಗಿನ ಹೋಳುಗಳನ್ನು ತಿಂದು, ಅನ್ನವನ್ನು ಕೊನೆಯಲ್ಲಿ ಅಳತೆಯಲ್ಲಿ ಉಣ್ಣಲಿ. ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ: ಮಾತ್ರೆಯ ಪ್ರಮಾಣ ಮೊದಲಿನಷ್ಟೇ ಇದ್ದು ಅನ್ನವನ್ನು ಒಮ್ಮೆಲೇ ಕಡಿತಗೊಳಿಸಿದರೆ, ಕೆಲವು ಮಾತ್ರೆಗಳಿಂದ ಸಕ್ಕರೆ ತೀರಾ ಕುಸಿದು ಬೆವರು, ನಡುಕ, ತಲೆಸುತ್ತು ಬರಬಹುದು. ಮೂತ್ರಪಿಂಡದ ತೊಂದರೆ ಇದ್ದರೆ ಕಾಳಿನ ಪ್ರಮಾಣಕ್ಕೂ ಮಿತಿ ಬೇಕಾಗುತ್ತದೆ. ಆದ್ದರಿಂದ ಊಟ ಬದಲಿಸುವ ಮೊದಲು ಅವರ ವೈದ್ಯರಿಗೆ ಒಂದು ಮಾತು ತಿಳಿಸಿ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತ ಪರೀಕ್ಷೆಯನ್ನೂ ಅವರಿಗೆ ಮಾಡಿಸಿ.